ಬೀದಿಯ ನಂಬಿಕೆ, ವಿಶ್ವವಿದ್ಯಾಲಯದ ಕಡತ



ಡಾ. ವಿವೇಕ್ ಮೂರ್ತಿ ಅವರ ಹೆಸರನ್ನು ನಿಮ್ಮಲ್ಲಿ ಬಹಳ ಮಂದಿ ಕೇಳಿರುತ್ತೀರಿ. ಅವರ ಮನೆತನ ಮಂಡ್ಯ ಜಿಲ್ಲೆಯ ಹಲ್ಲೆಗೆರೆಯದು. ಅಮೆರಿಕದಲ್ಲಿ ಸರ್ಜನ್ ಜನರಲ್ ಎಂಬ ಹುದ್ದೆಯಿದೆ. ಇಡೀ ದೇಶದ ಜನರಿಗೆ ಆರೋಗ್ಯದ ವಿಷಯದಲ್ಲಿ ಬುದ್ಧಿಮಾತು ಹೇಳುವ ವೈದ್ಯಾಧಿಕಾರಿಯ ಹುದ್ದೆ ಅದು. ಆ ಹುದ್ದೆಯಲ್ಲಿ ಎರಡು ಬಾರಿ ಕೂತವರು ಮೂರ್ತಿಯವರು. ಬಂದೂಕಿನ ಹಿಂಸೆ ಅಮೆರಿಕದ ಸಾರ್ವಜನಿಕ ಆರೋಗ್ಯಕ್ಕೆ ಬಂದೊದಗಿದ ಬಿಕ್ಕಟ್ಟು ಎಂದು 2024ರ ಜೂನ್‌ನಲ್ಲಿ ಅವರು ಅಧಿಕೃತ ಪ್ರಕಟಣೆ ಹೊರಡಿಸಿದರು. ಆ ಹುದ್ದೆಯಿಂದ ಈ ವಿಷಯಕ್ಕೆ ಅಂಥ ಪ್ರಕಟಣೆ ಬಂದದ್ದು ಅದೇ ಮೊದಲು. ಇದಕ್ಕೆ ಮುಂಚೆ, 2012ರಲ್ಲಿ, ಬಂದೂಕು ಆರೋಗ್ಯದ ಪ್ರಶ್ನೆ ಎಂದು ಟ್ವಿಟರ್‌ನಲ್ಲಿ ಒಂದೆರಡು ಸಾಲು ಬರೆದದ್ದಕ್ಕೇ ಅವರ ನೇಮಕವನ್ನು ಸೆನೆಟ್ ಒಂದು ವರ್ಷಕ್ಕೂ ಹೆಚ್ಚು ಕಾಲ ತಡೆಹಿಡಿದಿತ್ತು. ಕೊನೆಗೆ 2014ರ ಡಿಸೆಂಬರ್‌ನಲ್ಲಿ 51ಕ್ಕೆ 43 ಮತಗಳಿಂದ ಒಪ್ಪಿಗೆ ಸಿಕ್ಕಿತು. ಈಗ ಆ 2024ರ ಪ್ರಕಟಣೆಯೂ ಸರ್ಕಾರದ ಜಾಲತಾಣದಲ್ಲಿಲ್ಲ. ಸರ್ಕಾರ ಬದಲಾದ ಮೇಲೆ, 2025ರಲ್ಲಿ, ಅದನ್ನು ತೆಗೆದುಬಿಟ್ಟರು.

ಇಂಥ ವಿಷಯದ ಮೇಲೆ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆ ಹೇಗೆ ನಡೆಯುತ್ತದೆ, ಅದನ್ನು ನಡೆಸಿಕೊಂಡು ಹೋಗುವವರ ಕೆಲಸ ಎಂಥದ್ದು ಎಂಬುದು ಇವತ್ತಿನ ನನ್ನ ಮಾತಿನ ವಿಷಯ. ಪ್ರಬಂಧ ಬರೆಯುವ ಪ್ರಾಧ್ಯಾಪಕರ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಯೋಜನೆಯ ಕಚೇರಿಯಲ್ಲಿ ಕೂತು ಹಣ, ಕಾಗದ, ಜನ, ದತ್ತಾಂಶ ಇವನ್ನೆಲ್ಲ ನೋಡಿಕೊಳ್ಳುವ ಪ್ರಾಜೆಕ್ಟ್ ಮ್ಯಾನೇಜರ್ ಹೆಸರು ಎಲ್ಲೂ ಕೇಳಿಬರುವುದಿಲ್ಲ. ಅಂಥ ಕಚೇರಿಯ ಕೆಲಸದಲ್ಲಿ ಇದ್ದವಳು ನಾನು. ಇಂಥ ಅಧ್ಯಯನ ಉಳಿಯುವುದೋ ಮುಳುಗುವುದೋ ಎಂಬುದು ಹೆಚ್ಚಾಗಿ ಈ ಮೇಜಿನ ಮೇಲೇ ತೀರ್ಮಾನವಾಗುತ್ತದೆ ಎಂದು ನಾನು ಬಲವಾಗಿ ನಂಬಿದ್ದೇನೆ. ಹೇಗೆ ಎಂದು ಹೇಳುತ್ತೇನೆ.

ಮೊದಲು ಸಮಸ್ಯೆಯ ಗಾತ್ರ. 2021ರಲ್ಲಿ ಅಮೆರಿಕದಲ್ಲಿ ಗುಂಡೇಟಿನಿಂದ ಸತ್ತವರು 48,830 ಮಂದಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಾವೇ ಪ್ರಾಣ ಕಳೆದುಕೊಂಡವರು. ಕೊಲೆಯಾದವರು ಸುಮಾರು 21,000. 2020ರಲ್ಲಿ, 1ರಿಂದ 19 ವರ್ಷದೊಳಗಿನ ಮಕ್ಕಳು, ಹದಿಹರೆಯದವರು ಸಾಯುವುದಕ್ಕೆ ಮೊದಲನೆಯ ಕಾರಣ ಬಂದೂಕು ಎಂದಾಯಿತು. ಅಲ್ಲಿಯವರೆಗೆ ಆ ಜಾಗದಲ್ಲಿದ್ದದ್ದು ರಸ್ತೆ ಅಪಘಾತ. ನಮ್ಮ ಟಿವಿಗೆ ಬರುವುದು ಶಾಲೆಯಲ್ಲೋ ಮಾಲ್‌ನಲ್ಲೋ ನಡೆದ ಸಾಮೂಹಿಕ ಹತ್ಯೆಯ ಸುದ್ದಿ ಮಾತ್ರ. ಒಟ್ಟು ಸಾವಿನಲ್ಲಿ ಅದು ಬಹಳ ಸಣ್ಣ ಪಾಲು. ಶಿಕಾಗೋದ ಪಶ್ಚಿಮ ಭಾಗದಲ್ಲಿ, ಫಿಲಡೆಲ್ಫಿಯಾದ ಉತ್ತರದಲ್ಲಿ, ಬಾಲ್ಟಿಮೋರ್‌ನಲ್ಲಿ, ಸೇಂಟ್ ಲೂಯಿಸ್‌ನಲ್ಲಿ ವಾರವಾರವೂ ಅದೇ ಕೆಲವು ಬೀದಿಗಳಲ್ಲಿ ಗುಂಡು ಹಾರುತ್ತದೆ. ಸಾಯುವವರು ಬಹುಪಾಲು ಕಪ್ಪುಜನಾಂಗದ ಎಳೆಯ ಗಂಡಸರು. ಇದನ್ನೇ ಸಮುದಾಯದ ಬಂದೂಕು ಹಿಂಸೆ ಎನ್ನುವುದು.

ಇದು ಎಷ್ಟು ಕಡಿಮೆ ಜನರ ನಡುವೆ ಸುತ್ತುತ್ತದೆ ಎಂಬುದನ್ನು ಮೊದಲು ಸ್ಪಷ್ಟವಾಗಿ ತೋರಿಸಿದ್ದು ಬಾಸ್ಟನ್‌ನ ಕೆಲಸ. 1990ರ ದಶಕದ ಮಧ್ಯದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಡೇವಿಡ್ ಕೆನಡಿ, ಆಂಥನಿ ಬ್ರಾಗಾ, ಆನ್ ಪೀಲ್ ಅವರು ಪೊಲೀಸರು, ಪ್ರೊಬೇಷನ್ ಅಧಿಕಾರಿಗಳು, ಬೀದಿ ಕಾರ್ಯಕರ್ತರು ಇವರನ್ನೆಲ್ಲ ಒಂದೇ ಮೇಜಿನ ಸುತ್ತ ಕೂರಿಸಿ, ಊರಿನ ನಕಾಶೆ ಹರಡಿ, ಯಾವ ಗುಂಪಿಗೂ ಯಾವ ಗುಂಪಿಗೂ ಜಗಳ ಎಂದು ಗುರುತು ಹಾಕಿಸಿದರು. 61 ಗುಂಪುಗಳು, ಅವುಗಳಲ್ಲಿ ಸುಮಾರು 1,300 ಹುಡುಗರು. ಆ ವಯಸ್ಸಿನವರ ಲೆಕ್ಕದಲ್ಲಿ ನೂರಕ್ಕೆ ಒಬ್ಬನೂ ಅಲ್ಲ. ಊರಿನ ಯುವಜನರ ಕೊಲೆಗಳಲ್ಲಿ ಕಡೇಪಕ್ಷ ನೂರಕ್ಕೆ ಅರವತ್ತು ಈ ಗುಂಪುಗಳ ಸುತ್ತ ನಡೆದವು. ಈ ಸಂಗತಿ ಯಾವ ಸರ್ಕಾರಿ ದಾಖಲೆಯಲ್ಲೂ ಬರೆದಿರಲಿಲ್ಲ. ಬೀದಿಯಲ್ಲಿ ಓಡಾಡುವವರ ತಲೆಯಲ್ಲಿತ್ತು. ಅವರು ಬಾಯಿ ಬಿಟ್ಟರೆ ಸಂಶೋಧನೆ, ಬಿಡದಿದ್ದರೆ ಇಲ್ಲ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ.

ಇನ್ನು ಹಣದ ಕಥೆ. 1993ರಲ್ಲಿ ಆರ್ಥರ್ ಕೆಲರ್‌ಮನ್ ಎಂಬ ವೈದ್ಯರು ಮತ್ತು ಅವರ ಜೊತೆಗಾರರು, ಮನೆಯಲ್ಲಿ ಬಂದೂಕು ಇಟ್ಟುಕೊಂಡರೆ ಆ ಮನೆಯಲ್ಲಿ ಕೊಲೆಯಾಗುವ ಸಂಭವ ಹೆಚ್ಚೇ ಹೊರತು ಕಡಿಮೆಯಲ್ಲ ಎಂಬ ಅಧ್ಯಯನ ಪ್ರಕಟಿಸಿದರು. ಅದಕ್ಕೆ ಹಣ ಕೊಟ್ಟದ್ದು ಸರ್ಕಾರದ ರೋಗ ನಿಯಂತ್ರಣ ಕೇಂದ್ರ. ಬಂದೂಕು ಪರ ಸಂಘಟನೆಗಳು ಕೆರಳಿದವು. 1996ರಲ್ಲಿ ಆರ್ಕನ್ಸಾದ ಜೇ ಡಿಕಿ ಎಂಬ ಸಂಸದರು ಬಜೆಟ್ಟಿಗೆ ಒಂದು ವಾಕ್ಯ ಸೇರಿಸಿದರು. ಬಂದೂಕು ನಿಯಂತ್ರಣದ ಪರವಾಗಿ ಪ್ರಚಾರ ಮಾಡುವುದಕ್ಕೆ ಆ ಕೇಂದ್ರದ ಹಣ ಬಳಸಕೂಡದು ಎಂಬ ವಾಕ್ಯ. ಜೊತೆಗೆ, ಹಿಂದಿನ ವರ್ಷ ಆ ಕೇಂದ್ರ ಬಂದೂಕಿನ ಅಧ್ಯಯನಕ್ಕೆ ಖರ್ಚು ಮಾಡಿದ್ದಷ್ಟೇ ಮೊತ್ತವನ್ನು, ಅಂದರೆ 26 ಲಕ್ಷ ಡಾಲರನ್ನು, ಬೇರೆ ಕೆಲಸಕ್ಕೆ ತಿರುಗಿಸಿದರು. ಸಂಶೋಧನೆ ಮಾಡಬೇಡಿ ಎಂದು ಎಲ್ಲೂ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಬೀಳಲಿಲ್ಲ, ಅಧಿಕಾರಿಗಳಿಗೆ ಸೂಚನೆ ಅರ್ಥವಾಗಿತ್ತು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿಯೇ ಇತ್ತು. ಆ ಕೇಂದ್ರದಲ್ಲಿ ಗಾಯ ತಡೆ ವಿಭಾಗದ ಮುಖ್ಯಸ್ಥರಾಗಿದ್ದ ಮಾರ್ಕ್ ರೋಸನ್‌ಬರ್ಗ್ 1999ರಲ್ಲಿ ಕೆಲಸ ಕಳೆದುಕೊಂಡರು.

ಮುಂದೆ ಈ ಡಿಕಿಯವರೂ ಈ ರೋಸನ್‌ಬರ್ಗರೂ ಸ್ನೇಹಿತರಾದರು. ಸಂಸತ್ತಿನಲ್ಲಿ ಎದುರುಬದುರು ಕೂತು ಜಗಳಾಡಿದವರು 2012ರಲ್ಲಿ ಇಬ್ಬರೂ ಸೇರಿ ಪತ್ರಿಕೆಗೆ ಲೇಖನ ಬರೆದರು. ಸಂಶೋಧನೆ ಮತ್ತೆ ಶುರುವಾಗಬೇಕು, ಬಂದೂಕು ಇಟ್ಟುಕೊಳ್ಳುವವರ ಹಕ್ಕನ್ನು ಕಾಪಾಡಿಕೊಂಡೇ ಸಾವನ್ನು ಕಡಿಮೆ ಮಾಡುವ ದಾರಿ ಹುಡುಕಬಹುದು ಎಂಬುದು ಅವರ ವಾದ. ಡಿಕಿ 2017ರಲ್ಲಿ ತೀರಿಕೊಂಡರು. 2019ರ ಡಿಸೆಂಬರ್‌ನಲ್ಲಿ ಸಂಸತ್ತು ಈ ಅಧ್ಯಯನಕ್ಕೆಂದೇ 2.5 ಕೋಟಿ ಡಾಲರ್ ತೆಗೆದಿಟ್ಟಿತು, ಅರ್ಧ ರೋಗ ನಿಯಂತ್ರಣ ಕೇಂದ್ರಕ್ಕೆ, ಅರ್ಧ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಿಗೆ. ಆ ಎರಡು ದಶಕದಲ್ಲಿ ಕಳೆದದ್ದು ಹಣವಷ್ಟೇ ಎಂದುಕೊಳ್ಳಬೇಡಿ. ಈ ವಿಷಯ ಹಿಡಿದರೆ ಕೆಲಸ ಸಿಗುವುದಿಲ್ಲ ಎಂದು ಒಂದು ತಲೆಮಾರಿನ ವಿದ್ಯಾರ್ಥಿಗಳು ಬೇರೆ ದಾರಿ ಹಿಡಿದರು. ಅದರ ಜೊತೆಗೆ ಯೋಜನೆ ನಡೆಸುವ ಅನುಭವವೂ ಹೋಯಿತು. ಅನುದಾನ ಮತ್ತೆ ಬಂದಾಗ ಪ್ರಾಧ್ಯಾಪಕರಿದ್ದರು, ಆದರೆ ಗುಂಡೇಟು ತಿಂದ ಹುಡುಗನ ಹತ್ತಿರ ಒಪ್ಪಿಗೆ ಪತ್ರ ಹಿಡಿದು ಹೇಗೆ ಹೋಗಬೇಕು ಎಂದು ಬಲ್ಲ ಕಚೇರಿಗಳು ಕಡಿಮೆ ಇದ್ದವು.

ಒಳ್ಳೆಯ ಯೋಜನೆ ಹೇಗಿರುತ್ತದೆ ಎಂಬುದಕ್ಕೆ ಫಿಲಡೆಲ್ಫಿಯಾದ ಒಂದು ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನನಗೆ ಬಹಳ ಇಷ್ಟವಾದ ಅಧ್ಯಯನ ಇದು. ಕಾರ್ಖಾನೆಗಳು ಮುಚ್ಚಿ, ಜನ ಊರು ಬಿಟ್ಟು, ಆ ನಗರದಲ್ಲಿ ಹತ್ತಾರು ಸಾವಿರ ಖಾಲಿ ನಿವೇಶನಗಳು ಬಿದ್ದಿದ್ದವು. ಆಳೆತ್ತರ ಕಳೆ, ಹಳೆಯ ಟೈರು, ಮುರಿದ ಮಂಚ, ಕಸದ ರಾಶಿ. ಚಾರ್ಲ್ಸ್ ಬ್ರಾನಸ್, ಯೂಜಿನಿಯಾ ಸೌತ್ ಮೊದಲಾದವರು 541 ನಿವೇಶನಗಳನ್ನು ಆರಿಸಿ ಚೀಟಿ ಎತ್ತಿದಂತೆ ಮೂರು ಪಾಲು ಮಾಡಿದರು. ಒಂದು ಪಾಲಿನಲ್ಲಿ ಕಸ ತೆಗೆದು, ನೆಲ ಸಮ ಮಾಡಿ, ಹುಲ್ಲು ಬಿತ್ತಿ, ನಾಲ್ಕಾರು ಗಿಡ ನೆಟ್ಟು, ಎತ್ತರ ಕಡಿಮೆಯ ಮರದ ಬೇಲಿ ಹಾಕಿದರು. ಬೇಲಿಯಲ್ಲಿ ಒಳಗೆ ನಡೆದುಹೋಗಲು ದಾರಿ ಬಿಟ್ಟಿದ್ದರು, ಕಸದ ಲಾರಿ ನುಗ್ಗದಂತೆ, ಮನುಷ್ಯರು ಮಾತ್ರ ಹೋಗುವಂತೆ. ಇನ್ನೊಂದು ಪಾಲಿನಲ್ಲಿ ಕಸ ತೆಗೆದು ಹುಲ್ಲು ಕತ್ತರಿಸಿದರು, ಅಷ್ಟೇ. ಮೂರನೆಯದನ್ನು ಸದ್ಯಕ್ಕೆ ಮುಟ್ಟಲಿಲ್ಲ. 2018ರಲ್ಲಿ ಫಲಿತಾಂಶ ಪ್ರಕಟವಾಯಿತು. ಬಡತನದ ರೇಖೆಗಿಂತ ಕೆಳಗಿದ್ದ ಬಡಾವಣೆಗಳಲ್ಲಿ ಗುಂಡಿನ ಹಿಂಸೆ ನೂರಕ್ಕೆ 29ರಷ್ಟು ಇಳಿದಿತ್ತು. ಹೊರಗೆ ಬಂದು ಕೂರುವುದು, ನೆರೆಹೊರೆಯವರೊಡನೆ ಮಾತಾಡುವುದು ನೂರಕ್ಕೆ 76ರಷ್ಟು ಹೆಚ್ಚಿತ್ತು.

ಯಾಕೆ ಹೀಗಾಯಿತು? ಒಂದು ವಿವರಣೆ ಇದು. ಪೊಲೀಸರ ಕೈಗೆ ಸಿಕ್ಕಿಬೀಳುವ ಭಯಕ್ಕೆ ಹುಡುಗರು ಬಂದೂಕನ್ನು ಸದಾ ಮೈಮೇಲೆ ಇಟ್ಟುಕೊಳ್ಳುವುದಿಲ್ಲ. ಕೈಗೆಟಕುವ ದೂರದಲ್ಲಿ, ಪೊದೆಯಲ್ಲೋ ಟೈರಿನೊಳಗೋ ಬಚ್ಚಿಡುತ್ತಾರೆ. ಜಾಗ ಚೊಕ್ಕಟವಾದರೆ ಬಚ್ಚಿಡುವ ಮರೆ ಹೋಗುತ್ತದೆ. ಮನೆಮುಂದಿನ ಮೆಟ್ಟಿಲ ಮೇಲೆ ಕೂರುವ ಅಜ್ಜಿಯರ ಕಣ್ಣು ಆ ಜಾಗದ ಮೇಲೆ ಬೀಳುತ್ತದೆ.

ಈಗ ಇದನ್ನೇ ಕಚೇರಿಯ ಮೇಜಿನಿಂದ ನೋಡಿ. 541 ನಿವೇಶನಗಳಿಗೆ ಮಾಲೀಕರು ಯಾರು ಎಂದು ಪತ್ತೆ ಮಾಡಬೇಕು, ನಗರದ ಕಾಯಿದೆ ಪ್ರಕಾರ ನೋಟಿಸ್ ಅಂಟಿಸಬೇಕು. ಹುಲ್ಲು ಬಿತ್ತುವ ಕೆಲಸ ವಹಿಸಿಕೊಂಡ ತೋಟಗಾರಿಕೆ ಸಂಘದ ಗುತ್ತಿಗೆದಾರರು ಪಟ್ಟಿಯಲ್ಲಿದ್ದ ನಿವೇಶನಕ್ಕೇ ಹೋಗಬೇಕು, ಪಕ್ಕದ್ದಕ್ಕಲ್ಲ. ಪಕ್ಕದ ಮನೆಯವರು "ನಮ್ಮ ಕಡೆಯದನ್ನೂ ಮಾಡಿಕೊಡಿ" ಎಂದು ಬೇಡಿಕೊಂಡಾಗ, ಕೈಯಲ್ಲಿ ಯಂತ್ರ ಇದ್ದರೂ, ಇಲ್ಲ ಎನ್ನಬೇಕು. ಯಾಕೆ ಇಲ್ಲ ಎಂದು ಅವರಿಗೆ ಅರ್ಥವಾಗುವಂತೆ ಹೇಳುವ ಹೊಣೆಯೂ ಯೋಜನೆಯದೇ. ಚೀಟಿ ಎತ್ತುವುದು ವಿಜ್ಞಾನಕ್ಕೆ ಬೇಕು, ಅದಿಲ್ಲದೆ ಹುಲ್ಲಿನಿಂದ ಹಿಂಸೆ ಇಳಿಯಿತೋ ತಾನಾಗಿ ಇಳಿಯಿತೋ ಹೇಳಲಾಗುವುದಿಲ್ಲ. ಆದರೆ ಚೀಟಿ ಬಾರದ ಬೀದಿಯವರಿಗೂ ಮುಂದೆ ಕೆಲಸ ಮಾಡಿಕೊಡುತ್ತೇವೆ ಎಂದು ಮೊದಲೇ ಬಜೆಟ್ಟಿನಲ್ಲಿ ಹಣ ಇಡುವುದು ಮ್ಯಾನೇಜರ್ ಧರ್ಮ ಎಂದು ನಾನು ಭಾವಿಸುತ್ತೇನೆ.

ನಿವೇಶನಕ್ಕೆ ಬಾಯಿಲ್ಲ. ಮನುಷ್ಯರನ್ನು ಅಧ್ಯಯನಕ್ಕೆ ಸೇರಿಸಿಕೊಂಡಾಗ ಕೆಲಸ ಹತ್ತು ಪಾಲು ಕಠಿಣ. ಶಿಕಾಗೋದಲ್ಲಿ 2017ರಲ್ಲಿ ರೆಡಿ ಎಂಬ ಯೋಜನೆ ಶುರುವಾಯಿತು. ಗುಂಡು ಹಾರಿಸುವ ಅಥವಾ ಗುಂಡಿಗೆ ಬಲಿಯಾಗುವ ಸಂಭವ ಅತಿ ಹೆಚ್ಚಿರುವ ಗಂಡಸರನ್ನು ಹುಡುಕಿ, 18 ತಿಂಗಳ ಕಾಲ ಸಂಬಳದ ಕೆಲಸ ಕೊಟ್ಟು, ಜೊತೆಗೆ ಕೋಪ, ಭಯ ಬಂದಾಗ ಒಂದು ಕ್ಷಣ ನಿಂತು ಯೋಚಿಸುವುದನ್ನು ಕಲಿಸುವ ಆಪ್ತಸಲಹೆ. ಅಧ್ಯಯನ ನಡೆಸಿದ್ದು ಶಿಕಾಗೋ ವಿಶ್ವವಿದ್ಯಾಲಯದ ಕ್ರೈಮ್ ಲ್ಯಾಬ್ ಮತ್ತು ಬೇರೆ ವಿಶ್ವವಿದ್ಯಾಲಯಗಳ ಸಂಶೋಧಕರು. ಸುಮಾರು 2,500 ಜನ. ಸರಾಸರಿ ಒಬ್ಬೊಬ್ಬ 17 ಬಾರಿ ಬಂಧನಕ್ಕೊಳಗಾದವನು, ಮೂವರಲ್ಲಿ ಒಬ್ಬನಿಗಿಂತ ಹೆಚ್ಚು ಮಂದಿ ಅದಾಗಲೇ ಒಮ್ಮೆ ಗುಂಡೇಟು ತಿಂದವರು. ಕೆಲವರ ಹೆಸರನ್ನು ಬೀದಿ ಕಾರ್ಯಕರ್ತರು ಸೂಚಿಸಿದರು, ಕೆಲವರನ್ನು ಪೊಲೀಸ್ ದಾಖಲೆಗಳ ಮೇಲೆ ಕಂಪ್ಯೂಟರ್ ಲೆಕ್ಕ ಹಾಕಿ ಆರಿಸಿತು, ಕೆಲವರು ಜೈಲಿನಿಂದ ಬಿಡುಗಡೆಯಾಗಿ ಬರುತ್ತಿದ್ದವರು. ಕಂಪ್ಯೂಟರ್ ಕೊಟ್ಟ ಹೆಸರನ್ನು ಹಿಡಿದು ಆ ಮನುಷ್ಯ ಯಾವ ಅಕ್ಕನ ಮನೆಯಲ್ಲಿ ಮಲಗುತ್ತಾನೆ, ಯಾವ ಅಂಗಡಿ ಮುಂದೆ ನಿಲ್ಲುತ್ತಾನೆ ಎಂದು ಪತ್ತೆ ಹಚ್ಚಿದ್ದು ಅದೇ ಬೀದಿ ಕಾರ್ಯಕರ್ತರು.

ಇಂಥ ಕಡೆ ಒಂದು ಸಂದರ್ಶನದ ಕೋಣೆ ಹೇಗಿರುತ್ತದೆ ನೋಡಿ. ಚರ್ಚಿನ ನೆಲಮಾಳಿಗೆ, ಒಂದು ಮೇಜು, ಎರಡು ಕುರ್ಚಿ. ಕುರ್ಚಿ ಹಾಕುವಾಗಲೇ ಬಾಗಿಲು ಹುಡುಗನ ಕಣ್ಣಿಗೆ ಬೀಳುವಂತೆ ಹಾಕಬೇಕು. ಬೆನ್ನಿಗೆ ಬಾಗಿಲು ಬಿದ್ದರೆ ಅವನು ಕೂರುವುದಿಲ್ಲ. ಸಂದರ್ಶಕಿ ಒಪ್ಪಿಗೆ ಪತ್ರ ಓದುತ್ತಾಳೆ. ನೀವು ಹೇಳಿದ್ದನ್ನು ಪೊಲೀಸರಿಗೆ ಕೊಡುವುದಿಲ್ಲ, ಕೋರ್ಟ್ ಸಮನ್ಸ್ ಬಂದರೂ ಕೊಡದಂತೆ ನಮಗೆ ಕಾನೂನಿನ ರಕ್ಷಣೆಯಿದೆ ಎನ್ನುತ್ತಾಳೆ. ಹಾಗಂತ ಎಲ್ಲಕ್ಕೂ ರಕ್ಷಣೆಯಿಲ್ಲ. ಮಗುವಿಗೆ ಯಾರಾದರೂ ಕಿರುಕುಳ ಕೊಡುತ್ತಿದ್ದಾರೆ ಎಂದೋ, ಇಂಥವನನ್ನು ನಾಳೆ ಮುಗಿಸುತ್ತೇನೆ ಎಂದೋ ಹೇಳಿದರೆ ಸುಮ್ಮನಿರಲು ಬರುವುದಿಲ್ಲ. ಅದನ್ನೂ ಮೊದಲೇ ಹೇಳಬೇಕು. ಆಮೇಲೆ ಅವಳು ಹೇಳುವ ಮಾತು ಇದು: "ಯಾರ ಹೆಸರೂ ಬೇಡ, ತಾರೀಖೂ ಬೇಡ, ಯಾವ ಬೀದಿ ಅಂತಲೂ ಬೇಡ. ಏನಾಯಿತು, ನಿಮಗೆ ಹೇಗನ್ನಿಸಿತು, ಅಷ್ಟು ಹೇಳಿ ಸಾಕು." ಹುಡುಗ ಮಾತಿನ ಭರದಲ್ಲಿ ಹೆಸರು ಹೇಳತೊಡಗಿದರೆ ಅವಳು ಕೈಯೆತ್ತಿ ತಡೆಯಬೇಕು, ಧ್ವನಿಮುದ್ರಣ ನಿಲ್ಲಿಸಬೇಕು. ಇದನ್ನು ತರಬೇತಿಯಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತಾರೆ. ಕಾಗದದ ಮೇಲೆ ಇಲ್ಲದ ಹೆಸರನ್ನು ಯಾರೂ ಕದಿಯಲಾರರು.

ಈ ಎಚ್ಚರಕ್ಕೆ ಇತಿಹಾಸವಿದೆ. ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ, ನಲವತ್ತು ವರ್ಷ, ಸರ್ಕಾರದ ಆರೋಗ್ಯ ಇಲಾಖೆಯೇ ಸಿಫಿಲಿಸ್ ಬಂದ ಕಪ್ಪುಜನಾಂಗದ ಬಡ ರೈತರಿಗೆ ನಿಜವಾದ ಚಿಕಿತ್ಸೆ ಕೊಡದೆ, ರೋಗ ಹೇಗೆ ಬೆಳೆಯುತ್ತದೆ ಎಂದು ನೋಡುತ್ತ ಕೂತಿತ್ತು. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಇವತ್ತು ಪ್ರತಿ ವಿಶ್ವವಿದ್ಯಾಲಯದಲ್ಲೂ ಇರುವ ನೈತಿಕ ಪರಿಶೀಲನಾ ಸಮಿತಿ ಈಗಿನ ಬಿಗಿಯಲ್ಲಿ ಬಂದದ್ದು ಅಂಥ ದ್ರೋಹಗಳ ನಂತರ. ಶಿಕಾಗೋದ ಒಬ್ಬ ತಾಯಿ "ಮತ್ತೆ ನಮ್ಮ ಮಕ್ಕಳ ಮೇಲೆ ಪ್ರಯೋಗ ಮಾಡಲು ಬಂದಿರಾ" ಎಂದು ಕೇಳಿದರೆ ಆಕೆಯ ಬಾಯಲ್ಲಿ ಆ ನಲವತ್ತು ವರ್ಷಗಳೂ ಇರುತ್ತವೆ.

ಹಾಗಿದ್ದೂ ಸಮಿತಿಯ ನಿಯಮ ಬೀದಿಯ ಬದುಕಿಗೆ ಅಡ್ಡ ಬರುವ ಜಾಗಗಳಿವೆ. ಅಧ್ಯಯನಕ್ಕೆ ಸೇರಿದ ಹುಡುಗ ನಡುವೆ ಜೈಲಿಗೆ ಹೋದ ಎನ್ನಿ, ಈ ಅಧ್ಯಯನದಲ್ಲಿ ಅದು ಹೊಸದೇನಲ್ಲ. ಅವನು ಕೈದಿಯಾದ ಕ್ಷಣದಿಂದ ಬೇರೆ ನಿಯಮ. ಕೈದಿಗಳ ಪರವಾಗಿ ಮಾತಾಡುವ ಸದಸ್ಯರೊಬ್ಬರನ್ನು ಒಳಗೊಂಡ ಸಮಿತಿ ಹೊಸದಾಗಿ ಒಪ್ಪಿಗೆ ಕೊಡುವವರೆಗೆ ಅವನನ್ನು ಮಾತಾಡಿಸುವಂತಿಲ್ಲ. ನಿಯಮ ಸರಿಯಾದದ್ದೇ, ಜೈಲಿನಲ್ಲಿರುವವನು ಇಲ್ಲ ಎನ್ನುವುದು ಕಷ್ಟ. ಆದರೆ ಮ್ಯಾನೇಜರ್ ಮೊದಲ ಅರ್ಜಿಯಲ್ಲೇ ಆ ಒಪ್ಪಿಗೆ ಪಡೆದಿರದಿದ್ದರೆ ಆರು ತಿಂಗಳ ಸಂದರ್ಶನ ತಪ್ಪಿಹೋಗುತ್ತದೆ. ಅತಿ ಹೆಚ್ಚು ತೊಂದರೆಯಲ್ಲಿದ್ದವರೇ ಲೆಕ್ಕದಿಂದ ಬಿಟ್ಟುಹೋಗುತ್ತಾರೆ, ಫಲಿತಾಂಶ ಇದ್ದದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಇನ್ನು ಹಣ ಕೊಡುವ ವಿಷಯ. ನನಗೆ ಅತ್ಯಂತ ನೋವು ಕೊಟ್ಟದ್ದು ಇದೇ. ಸಂದರ್ಶನಕ್ಕೆ ಬಂದವರಿಗೆ ಅವರ ಸಮಯಕ್ಕಾಗಿ ಸಣ್ಣ ಮೊತ್ತ ಕೊಡುವುದು ರೂಢಿ. ಲೆಕ್ಕಪತ್ರ ವಿಭಾಗದವರು ರಸೀದಿಯ ಮೇಲೆ ಹೆಸರು, ವಿಳಾಸ, ಸಾಮಾಜಿಕ ಭದ್ರತಾ ಸಂಖ್ಯೆ ಎಲ್ಲ ಕೇಳುತ್ತಾರೆ. ಉತ್ತರಗಳ ಜೊತೆ ಹೆಸರು ಇರುವುದಿಲ್ಲ ಎಂದು ಆ ಕೋಣೆಯಲ್ಲಿ ಮಾತು ಕೊಟ್ಟು, ಎದ್ದು ಹೋಗುವಾಗ ಹೆಸರು ಬರೆದು ಸಹಿ ಹಾಕು ಎಂದರೆ ಆ ಹುಡುಗ ನಮ್ಮನ್ನು ಹೇಗೆ ನಂಬಬೇಕು? ಹೆಸರಿನ ಬದಲು ಸಂಕೇತ ಸಂಖ್ಯೆ ಹಾಕಿದ ರಸೀದಿ ಪುಸ್ತಕವನ್ನು ಒಪ್ಪಿಸುವುದಕ್ಕೆ ನಾನಿದ್ದ ಕಡೆ ಪತ್ರದ ಮೇಲೆ ಪತ್ರ ಬರೆಯಬೇಕಾಯಿತು. ಒಪ್ಪಿದರು. ಸಂಕೇತ ಸಂಖ್ಯೆಗೂ ಹೆಸರಿಗೂ ಸಂಬಂಧ ತೋರಿಸುವ ಪಟ್ಟಿಯನ್ನು ಉತ್ತರಗಳಿಂದ ದೂರ, ಬೇರೆ ಬೀಗದೊಳಗೆ ಇಟ್ಟು, ಅಧ್ಯಯನ ಮುಗಿದ ಮೇಲೆ ನಾಶಪಡಿಸುವುದು ಕ್ರಮ.

ಅದಕ್ಕಿಂತ ದೊಡ್ಡ ಮಾತು ಬೀದಿ ಸಂಘಟನೆಗಳಿಗೆ ಸಲ್ಲಬೇಕಾದ ಹಣ. ಗಾಯಾಳುವಿನ ಅಣ್ಣ ಸೇಡಿಗೆ ಹೊರಡುವ ಮುನ್ನ ಆಸ್ಪತ್ರೆಯ ಬಾಗಿಲಲ್ಲಿ ಅವನ ಭುಜದ ಮೇಲೆ ಕೈಯಿಟ್ಟು ನಿಲ್ಲಿಸುವವರು ಆ ಸಂಘಟನೆಗಳ ಕಾರ್ಯಕರ್ತರು. ಗ್ಯಾರಿ ಸ್ಲಟ್ಕಿನ್ ಎಂಬ ಸಾಂಕ್ರಾಮಿಕ ರೋಗ ತಜ್ಞರು, ಸೊಮಾಲಿಯದ ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ ತಡೆಯುವ ಕೆಲಸ ಮಾಡಿ ಬಂದವರು, ಹಿಂಸೆಯೂ ಹಾಗೇ ಒಬ್ಬರಿಂದ ಒಬ್ಬರಿಗೆ ಹಬ್ಬುತ್ತದೆ ಎಂದುಕೊಂಡು 2000ದಲ್ಲಿ ಶಿಕಾಗೋದ ವೆಸ್ಟ್ ಗಾರ್‌ಫೀಲ್ಡ್ ಪಾರ್ಕ್‌ನಲ್ಲಿ ಇಂಥ ಕಾರ್ಯಕರ್ತರನ್ನು ಇಳಿಸಿದರು. ಅವರಲ್ಲಿ ಎಷ್ಟೋ ಜನ ತಾವೇ ಹಿಂದೆ ಜೈಲು ಕಂಡವರು. ಅದಕ್ಕೇ ಹುಡುಗರು ಅವರ ಮಾತು ಕೇಳುವುದು. ಆದರೆ ಅವರನ್ನು ಸಿಬ್ಬಂದಿಯಾಗಿ ತೆಗೆದುಕೊಳ್ಳಲು ಹೊರಟರೆ ವಿಶ್ವವಿದ್ಯಾಲಯದ ನೇಮಕಾತಿ ವಿಭಾಗ ಪೊಲೀಸ್ ದಾಖಲೆ ತೆಗೆದು ನೋಡಿ ಬಾಗಿಲು ಹಾಕುತ್ತದೆ. ಹಾಗಾಗಿ ಅವರ ಸಂಬಳ ಸಹಭಾಗಿ ಸಂಘಟನೆಯ ಮೂಲಕ ಹೋಗಬೇಕು. ಸಂಘಟನೆಗೆ ಹಣ ಹೋಗುವುದು ಹೇಗೆ? ಮೊದಲು ಖರ್ಚು ಮಾಡಿ, ಬಿಲ್ ಕೊಡಿ, ಪರಿಶೀಲಿಸಿ ವಾಪಸ್ ಕೊಡುತ್ತೇವೆ ಎಂಬ ಪದ್ಧತಿ. ದೊಡ್ಡ ಸಂಸ್ಥೆಗೆ ಮೂರು ತಿಂಗಳ ಬಾಕಿ ಏನೂ ಅಲ್ಲ. ಆರು ಜನರ ಸಂಘಟನೆಗೆ ಮೂರು ತಿಂಗಳ ಬಾಕಿ ಎಂದರೆ ಕೈಸಾಲ, ಬಾಡಿಗೆ ಕಟ್ಟದ ಮನೆ, ಕೆಲಸ ಬಿಟ್ಟುಹೋದ ಕಾರ್ಯಕರ್ತ. ಅವನು ಬಿಟ್ಟುಹೋದ ವಾರ ಆ ಬೀದಿಯಲ್ಲಿ ಜಗಳ ಬಿಡಿಸುವವರು ಯಾರೂ ಇರುವುದಿಲ್ಲ.

ಓವರ್‌ಹೆಡ್ ಎಂಬ ಲೆಕ್ಕವೂ ಹಾಗೇ. ಕಟ್ಟಡ, ಕರೆಂಟು, ಆಡಳಿತದ ಖರ್ಚಿಗೆಂದು ದೊಡ್ಡ ವಿಶ್ವವಿದ್ಯಾಲಯಗಳು ಕೇಂದ್ರ ಸರ್ಕಾರದ ಅನುದಾನದಲ್ಲಿ ನೇರ ವೆಚ್ಚದ ಮೇಲೆ ನೂರಕ್ಕೆ 50ಕ್ಕಿಂತ ಹೆಚ್ಚು ಪಡೆಯುವುದು ಸಾಮಾನ್ಯ. ಸರ್ಕಾರದೊಡನೆ ತನ್ನ ದರ ಮಾತಾಡಿಕೊಳ್ಳುವ ಶಕ್ತಿಯಿಲ್ಲದ ಸಣ್ಣ ಸಂಘಟನೆಗೆ ಸಿಗುತ್ತಿದ್ದದ್ದು ನೂರಕ್ಕೆ 10. ಅದು 15 ಆದದ್ದು 2024ರ ಅಕ್ಟೋಬರ್‌ನಲ್ಲಿ. ವಿಶ್ವವಿದ್ಯಾಲಯದ ಖರ್ಚು ಸುಳ್ಳು ಎಂದು ನಾನು ಹೇಳುತ್ತಿಲ್ಲ. ಎರಡೂ ಸಂಸ್ಥೆಗಳು ಒಂದೇ ಕೆಲಸಕ್ಕೆ ಹೆಗಲು ಕೊಟ್ಟಿರುವಾಗ, ಗುಂಡು ಹಾರುವ ಬೀದಿಯಲ್ಲಿ ಕಚೇರಿ ಇಟ್ಟುಕೊಂಡವರಿಗೆ ಇಷ್ಟು ಕಡಿಮೆ ಯಾಕೆ ಎಂದು ಕೇಳುತ್ತಿದ್ದೇನೆ. ಮುಂಗಡ ಕೊಡುವ ಅವಕಾಶ ನಿಯಮದಲ್ಲಿದೆ. ಅದನ್ನು ಹುಡುಕಿ ತೆಗೆದು, ಮೇಲಧಿಕಾರಿಗಳ ಹತ್ತಿರ ವಾದ ಮಾಡಿ, ಸಂಘಟನೆಯ ಖಾತೆಗೆ ಮೊದಲ ತಿಂಗಳೇ ಹಣ ಬೀಳುವಂತೆ ಮಾಡುವ ಮ್ಯಾನೇಜರ್ ಒಬ್ಬ ಒಳ್ಳೆಯ ಸಂಖ್ಯಾಶಾಸ್ತ್ರಜ್ಞನಷ್ಟೇ ಆ ಅಧ್ಯಯನಕ್ಕೆ ಮುಖ್ಯ.

ಫಲಿತಾಂಶ ಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ರೆಡಿ ಯೋಜನೆಯ ಲೆಕ್ಕ ಬಂದಾಗ, ಮೊದಲೇ ಘೋಷಿಸಿಕೊಂಡಿದ್ದ ಮುಖ್ಯ ಅಳತೆಯಲ್ಲಿ, ಎಲ್ಲ ಬಗೆಯ ಗಂಭೀರ ಹಿಂಸೆಯನ್ನು ಒಟ್ಟು ಸೇರಿಸಿ ನೋಡಿದಾಗ, ಖಚಿತ ಎನ್ನಬಹುದಾದ ಬದಲಾವಣೆ ಕಾಣಲಿಲ್ಲ. ಗುಂಡು ಹಾರಿಸಿದ, ಕೊಲೆ ಮಾಡಿದ ಆರೋಪದ ಬಂಧನಗಳು ಮಾತ್ರ ನೂರಕ್ಕೆ 65ರಷ್ಟು ಇಳಿದಿದ್ದವು, ಆದರೆ ಅಂಕಿಅಂಶದ ಕಟ್ಟುನಿಟ್ಟಿನ ಪರೀಕ್ಷೆಯಲ್ಲಿ ಅದೂ ಪೂರ್ತಿ ಗಟ್ಟಿಯಾಗಿ ನಿಲ್ಲಲಿಲ್ಲ. ಬೀದಿ ಕಾರ್ಯಕರ್ತರು ಸೂಚಿಸಿದ ಗಂಡಸರಲ್ಲಿ ಪರಿಣಾಮ ಇನ್ನೂ ದೊಡ್ಡದಾಗಿ ಕಂಡಿತು. ಸಂಶೋಧಕರು ಮೂರೂ ಮಾತನ್ನು ಒಂದೇ ಪ್ರಬಂಧದಲ್ಲಿ ಬರೆದರು. ಚೆನ್ನಾಗಿ ಕಾಣುವುದನ್ನು ಮಾತ್ರ ಮುಂದಿಡಲು ಎಂಥ ಒತ್ತಡ ಇರುತ್ತದೆ ಎಂದು ಬಲ್ಲವಳಾಗಿ ನಾನು ಆ ಪ್ರಬಂಧವನ್ನು ಗೌರವದಿಂದ ಓದಿದೆ. ದಾನಿಗಳು ಕಾಯುತ್ತಿರುತ್ತಾರೆ, ಮೇಯರ್ ಕಚೇರಿ ಕಾಯುತ್ತಿರುತ್ತದೆ, ಕಾರ್ಯಕರ್ತರಂತೂ ತಮ್ಮ ದುಡಿಮೆ ವ್ಯರ್ಥವಾಗಲಿಲ್ಲ ಎಂಬ ಮಾತಿಗೆ ಕಾತರರಾಗಿರುತ್ತಾರೆ. ಆ ಕಾರ್ಯಕರ್ತರ ಮುಂದೆ, ಪತ್ರಿಕೆಗೆ ಹೋಗುವ ಮೊದಲು, ಅವರ ಸಭಾಂಗಣದಲ್ಲೇ ಕೂತು ಈ ಅಂಕಿಗಳನ್ನು ವಿವರಿಸುವುದು ಯೋಜನೆಯ ಕರ್ತವ್ಯ. ತಮ್ಮ ಬಗ್ಗೆ ಬರೆದದ್ದನ್ನು ಅವರು ಪೇಪರಿನಲ್ಲಿ ಓದಿ ತಿಳಿಯುವಂತಾಗಬಾರದು.

ದತ್ತಾಂಶ ಗುಮಾಸ್ತೆಯರ ಬಗ್ಗೆ ಒಂದು ಮಾತು. ಆಸ್ಪತ್ರೆ, ಪೊಲೀಸ್, ಮರಣೋತ್ತರ ಪರೀಕ್ಷೆಯ ದಾಖಲೆಗಳನ್ನು ಅಧ್ಯಯನದ ಪಟ್ಟಿಯೊಡನೆ ತಾಳೆ ನೋಡುವವರು ಅವರು. ಕಳೆದ ವಾರ ಫೋನಿನಲ್ಲಿ ಮಾತಾಡಿದ್ದ ಹುಡುಗನ ಸಂಖ್ಯೆಯ ಎದುರು ಮರಣದ ದಿನಾಂಕ ಕಾಣುವುದು ಅವರ ಪರದೆಯ ಮೇಲೆ. ಬೀದಿಯಲ್ಲಿ ಇರುವವರ ಮನಸ್ಸಿನ ಭಾರದ ಬಗ್ಗೆ ಈಗ ಎಲ್ಲರೂ ಮಾತಾಡುತ್ತಾರೆ, ಆಗಬೇಕಾದದ್ದೇ. ಈ ಹುಡುಗಿಯರಿಗೂ ರಜೆ, ಆಪ್ತಸಲಹೆ ಬಜೆಟ್ಟಿನಲ್ಲಿ ಇರಬೇಕು. ಅವರಲ್ಲಿ ಕೆಲವರು ನಮ್ಮ ಊರುಗಳಿಂದ ಹೋದ ಸಂಖ್ಯಾಶಾಸ್ತ್ರದ ವಿದ್ಯಾರ್ಥಿನಿಯರು.

2022ರ ಕಾಯಿದೆಯೊಂದು ಸಮುದಾಯದ ಹಿಂಸೆ ತಡೆಗೆ ಐದು ವರ್ಷಕ್ಕೆ 25 ಕೋಟಿ ಡಾಲರ್ ಕೊಟ್ಟಿತ್ತು. ಎಷ್ಟೋ ವಿಶ್ವವಿದ್ಯಾಲಯಗಳು ಆ ಭರವಸೆಯ ಮೇಲೆ ಸಂಘಟನೆಗಳೊಡನೆ ಕರಾರು ಮಾಡಿಕೊಂಡವು. 2025ರ ಏಪ್ರಿಲ್‌ನಲ್ಲಿ ನ್ಯಾಯ ಇಲಾಖೆ ಒಟ್ಟಿಗೆ 350ಕ್ಕೂ ಹೆಚ್ಚು ಅನುದಾನಗಳನ್ನು, ಸುಮಾರು 80 ಕೋಟಿ ಡಾಲರ್ ಮೌಲ್ಯದವನ್ನು, ನಡುವೆಯೇ ರದ್ದು ಮಾಡಿತು. ಹಿಂಸೆ ತಡೆಯುವ ಸಂಘಟನೆಗಳದ್ದೂ ಅವುಗಳಲ್ಲಿದ್ದವು. ಅದೇ ತಿಂಗಳು ರೋಗ ನಿಯಂತ್ರಣ ಕೇಂದ್ರದ ಗಾಯ ತಡೆ ವಿಭಾಗದಲ್ಲಿ ಬಹಳ ಜನ ಕೆಲಸ ಕಳೆದುಕೊಂಡರು. 1996ರಲ್ಲಿ ಒಂದು ವಾಕ್ಯ ಮಾಡಿದ ಕೆಲಸವನ್ನು ಈ ಬಾರಿ ಪತ್ರಗಳು ಮಾಡಿದವು. ರದ್ದತಿಯ ಪತ್ರ ಬಂದ ದಿನ ಮ್ಯಾನೇಜರ್ ಮಾಡಬೇಕಾದ ಕೆಲಸ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. 18 ತಿಂಗಳು ಕೆಲಸ ಕೊಡುತ್ತೇವೆ ಎಂದು ಮಾತು ಕೊಟ್ಟಿದ್ದ ಗಂಡಸಿಗೆ ಏಳನೆಯ ತಿಂಗಳಲ್ಲಿ ಏನು ಹೇಳುವುದು? ಅವನ ದತ್ತಾಂಶ ಯಾರ ಬೀಗದಲ್ಲಿ ಉಳಿಯುತ್ತದೆ? ಖರ್ಚು ಮಾಡಿ ಬಿಲ್ ಕೊಟ್ಟು ಕಾಯುತ್ತಿದ್ದ ಸಂಘಟನೆಗೆ ಹಣ ಬರುತ್ತದೆಯೇ? ಅರ್ಜಿ ಬರೆಯುವಾಗಲೇ ಈ ಮೂರಕ್ಕೂ ಉತ್ತರ ಬರೆದಿಟ್ಟುಕೊಂಡು, ವಿಶ್ವವಿದ್ಯಾಲಯದ ಸ್ವಂತ ನಿಧಿಯಿಂದ ಒಂದಿಷ್ಟು ತಿಂಗಳ ಸೇತುಹಣಕ್ಕೆ ಒಪ್ಪಿಗೆ ಪಡೆದಿರಬೇಕೆಂಬುದು ನನ್ನ ಅಭಿಪ್ರಾಯ.

ಈ ಮಾತನ್ನು ಕೇಳುತ್ತಿರುವವರ ಮಗಳೋ ಮಗನೋ ಅಲ್ಲಿ ಸಾರ್ವಜನಿಕ ಆರೋಗ್ಯವನ್ನೋ ಸಂಖ್ಯಾಶಾಸ್ತ್ರವನ್ನೋ ಓದುತ್ತಿದ್ದು, ಇಂಥ ಯೋಜನೆಯಲ್ಲಿ ಕೆಲಸಕ್ಕೆ ಕರೆ ಬಂದಿದ್ದರೆ, ಹೆದರಿಸಿ ತಡೆಯಬೇಡಿ, ಹೋಗಲಿ. ಸಂದರ್ಶನದಲ್ಲಿ ಒಂದು ಪ್ರಶ್ನೆ ಕೇಳಲು ಹೇಳಿ: ನಿಮ್ಮ ಸಹಭಾಗಿ ಸಂಘಟನೆಗೆ ಕಳೆದ ಬಿಲ್ಲಿನ ಹಣ ಯಾವಾಗ ಸಂದಾಯವಾಯಿತು? ಯೋಜನೆಯ ಮುಖ್ಯಸ್ಥರಿಗೆ ಆ ತಾರೀಖು ಬಾಯಲ್ಲಿದ್ದರೆ ಆ ಕೆಲಸವನ್ನು ಧೈರ್ಯವಾಗಿ ಒಪ್ಪಿಕೊಳ್ಳಬಹುದು.